ದಂಡೆಗೆ ಬೆನ್ನು ಮಾಡಿ ಕೂತವರು

ನಮ್ಮ ಅತ್ತೆಯ ಎಡಗೈ ತೋರುಬೆರಳಿನ ತುದಿ ಹಿಟ್ಟಿನ ಜರಡಿಯ ಹಾಗಿತ್ತು. ನಲವತ್ತು ವರ್ಷ ಸೂಜಿಯ ಮೊನೆ ತಾಗಿ ತಾಗಿ ಅಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿಗಳು ಕೂತುಬಿಟ್ಟಿದ್ದವು. ತೊಳೆದರೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ರೊಟ್ಟಿ ತಟ್ಟುವಾಗ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡಷ್ಟು ಹೊತ್ತು ಮಾತ್ರ ಅವು ಮರೆಯಾಗುತ್ತಿದ್ದವು. ಕೈ ತೊಳೆದರೆ ಮತ್ತೆ ಅಲ್ಲೇ.

ಅವರು ಕಸೂತಿ ಹಾಕುವವರು. ಅರಿವೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುವುದು. ನಾಕು ಎಳೆ ಬಿಟ್ಟು ಚುಚ್ಚಿದರೆ ನಾಕು ಎಳೆ ಬಿಟ್ಟೇ ಮೇಲೇಳಬೇಕು. ಗಂಟು ಹಾಕುವಂತಿಲ್ಲ. ಅದರಲ್ಲೂ ಗವಂತಿ ಎನ್ನುವ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ಸೂಜಿ ತಿರುಗಿ ಬಂದು ಬಿಟ್ಟ ಜಾಗವನ್ನೆಲ್ಲ ತುಂಬುತ್ತದೆ. ಮುಗಿದ ಮೇಲೆ ಯಾವುದು ಮುಂದಿನ ಮಗ್ಗಲು, ಯಾವುದು ಹಿಂದಿನ ಮಗ್ಗಲು ಎಂದು ಹೊಲಿದವರಿಗೂ ಗೊತ್ತಾಗುವುದಿಲ್ಲ.

ನಾನು ಶಿಗ್ಗಾಂವಿಯಿಂದ ಹಾನಗಲ್ಲಿಗೆ ಸೊಸೆಯಾಗಿ ಬಂದ ಹೊಸತು. ನಮ್ಮಪ್ಪ ಕಾಳಿನ ವ್ಯಾಪಾರದವರು, ಒಬ್ಬಳೇ ಮಗಳೆಂದು ನನ್ನನ್ನು ಕಾನ್ವೆಂಟಿನ ಬೋರ್ಡಿಂಗಿನಲ್ಲಿಟ್ಟು ಓದಿಸಿದ್ದರು. ಅಲ್ಲಿಯ ಸಿಸ್ಟರುಗಳು ಕಲಿಸಿದ ಗುಲಾಬಿ ಹೂವನ್ನು ಒಂದು ಕರವಸ್ತ್ರದ ಮೇಲೆ ಹೊಲಿದು, ಹೊಸ ಅತ್ತೆಗೆ ತೋರಿಸಲು ತಂದಿದ್ದೆ. ಅವರು ಹೂವು ನೋಡಲೇ ಇಲ್ಲ. ಕರವಸ್ತ್ರ ಇಸಿದುಕೊಂಡವರೇ ಮಗುಚಿದರು. ಹಿಂದೆ ಎಳೆಗಳೆಲ್ಲ ಒಂದರ ಮೇಲೊಂದು ಬಿದ್ದು ಗುಬ್ಬಿಗೂಡಾಗಿದ್ದವು.

“ಮುಂದ ಮದಿವಿ, ಹಿಂದ ಜಗಳ,” ಎಂದರು. ನನ್ನ ಮುಖ ಸಣ್ಣದಾದದ್ದು ನೋಡಿ ತಲೆ ಮೇಲೆ ಕೈಯಿಟ್ಟು, “ಹಿಂದ ನೋಡಬೇಕವಾ. ಮುಂದ ಯಾರ ಬೇಕಾದವರೂ ಚಂದ ಮಾಡ್ತಾರ,” ಎಂದರು.

ಅದು ಅವರ ಚಟ. ಸಂತೆಯಲ್ಲಿ ಬೋಗುಣಿ ಕೊಂಡರೆ ಮೊದಲು ಬೋರಲು ಹಾಕಿ ನೋಡುತ್ತಿದ್ದರು. ಸವಣೂರಿನ ವೀಳ್ಯದೆಲೆ ಬಂದರೆ ಒಂದೊಂದನ್ನೂ ಮಗುಚಿ ನರ ನೋಡುತ್ತಿದ್ದರು. ಮನೆಗೆ ಬಂದ ಬೀಗರು ಎದ್ದು ಹೊರಟಾಗ, ಅವರು ಊರ ಅಗಸಿ ಬಾಗಿಲು ದಾಟುವವರೆಗೆ ಹಿಂದಿನಿಂದ ನೋಡುತ್ತ ನಿಲ್ಲುತ್ತಿದ್ದರು. “ಬರೂವಾಗ ಎಲ್ಲಾರೂ ನಗತಾರ. ಹೋಗೂವಾಗಿನ ನಡಿಗಿ ನೋಡಬೇಕು,” ಎನ್ನುವರು.

ಮಾವನವರು ಬೇರೆ ತರಹ. ಅವರು ಹರೆಯದಲ್ಲಿ ಒಮ್ಮೆ ಬ್ಯಾಡಗಿ ಮೆಣಸಿನಕಾಯಿಯ ಚೀಲಗಳ ಜೊತೆ ಕಾರವಾರಕ್ಕೆ ಹೋಗಿ, ಅಲ್ಲಿಂದ ಹಡಗು ಹತ್ತಿ ಮುಂಬೈಗೆ ಹೋಗಿ ಬಂದಿದ್ದರಂತೆ. ಮಳೆ ಹಿಡಿದು ಹೊಲದ ಕೆಲಸ ನಿಂತಿತೆಂದರೆ ಕಟ್ಟೆಯ ಮೇಲೆ ಕೂತವರಿಗೆಲ್ಲ ಅದೇ ಕಥೆ.

“ನಾಕೂ ಕಡೆ ನೀರು. ದಂಡಿ ಅನ್ನೂದ ಇಲ್ಲ. ಆಕಾಶಕ್ಕ ನೀರು ಹೊಲದು ಬಿಟ್ಟಾರ ನೋಡ್ರಿ.”

ಒಳಗಿನಿಂದ ಅತ್ತೆ: “ಹೊಲದಾರಂದ್ರ ಎಳಿ ಕಂಡಿರಬೇಕಲ್ಲ. ಯಾವ ಬಣ್ಣದ ಎಳಿ ಅಂತ ಕೇಳ್ರಿ.”

ಕಟ್ಟೆಯ ಮೇಲಿನವರು ನಗುವರು. ಮಾವನವರು ಧ್ವನಿ ಏರಿಸಿ ಇನ್ನೊಮ್ಮೆ, “ನಾಕೂ ಕಡೆ ನೀರು,” ಎನ್ನುವರು. ಅತ್ತೆ ಒಲೆಗೆ ಕಟ್ಟಿಗೆ ಸರಿಸುತ್ತ, “ಸುಳ್ಳಿಗೂ ಒಂದು ದಂಡಿ ಇರಬೇಕ್ರಿ,” ಎನ್ನುವರು. ನಾನು ಆ ಮನೆಯಲ್ಲಿ ಈ ಜುಗಲಬಂದಿ ಕೇಳಿದ್ದು ಎರಡೇ ಮಳೆಗಾಲ. ಮೂರನೆಯದಕ್ಕೆ ಮಾವನವರಿರಲಿಲ್ಲ. ನಮ್ಮ ಹೊಲದಲ್ಲೇ ಬೇವಿನ ಗಿಡದ ಬುಡಕ್ಕೆ ಅವರನ್ನು ಕೂಡಿಸಿ ಮಣ್ಣು ಕೊಟ್ಟೆವು. ನಮ್ಮಲ್ಲಿ ಸುಡುವುದಿಲ್ಲ, ಲಿಂಗ ಕಟ್ಟಿಕೊಂಡವರಿಗೆ ಮಣ್ಣೇ ಕೊನೆಯ ಮನೆ.

ಆ ವರ್ಷ ಮಳೆ ಹಿಡಿದಾಗ ಕಟ್ಟೆ ಖಾಲಿ ಇತ್ತು. ಅತ್ತೆಗೆ ಕಣ್ಣು ಮಂಜಾಗಿ ಸೂಜಿಗೆ ಎಳೆ ಪೋಣಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪೋಣಿಸಿ ಕೊಟ್ಟೆ. ಅವರು ಸೂಜಿ ಹಿಡಿದುಕೊಂಡು ಹೊಲಿಯದೆ ಕೂತರು.

“ಮೂವತ್ತೈದು ವರ್ಷ ಸುಳ್ಳ ಸುಳ್ಳ ಅಂದೆ. ಖರೆ ಇದ್ರ ಹೆಂಗವಾ?”

ನನಗೆ ತಿಳಿಯಲಿಲ್ಲ. “ಏನತ್ತಿ?”

“ನೀರು. ನಾಕೂ ಕಡೆ.” ಸೂಜಿಯನ್ನು ಅರಿವೆಗೆ ಸಿಕ್ಕಿಸಿ ಹೇಳಿದರು: “ಹೋಗಿ ನೋಡಿ ಬರ್ತೇನಿ. ಖರೆ ಇದ್ರ ಅವರ ಗದ್ದಿಗಿ ಮುಂದ ನಿಂತು ತಪ್ಪಾತು ಅಂತೇನಿ.”

“ಸುಳ್ಳ ಇದ್ರ?”

“ಸುಳ್ಳ ಇದ್ರ ಇನ್ನೊಂದ ಸಲ ಬೈತೇನಿ.”

ನನ್ನ ನಾದಿನಿ, ಅಂದರೆ ಅತ್ತೆಯ ಮಗಳು, ಆಗ ಗಂಡನ ಜೊತೆ ಮುಂಬೈಯಲ್ಲಿದ್ದಳು. ಮಗಳ ಮನೆಗೆ ಹೋಗುತ್ತೇನೆಂದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಹಾವೇರಿಗೆ ಹೋಗಿ ರೈಲು ಹತ್ತಿದರಾಯಿತು. ನಮ್ಮ ಮನೆಯವರು ಅದನ್ನೇ ಹೇಳಿದರು. ಹಡಗೇ ಬೇಕೆಂದರೆ ತಾನೂ ಜೊತೆಗೆ ಬರುತ್ತೇನೆಂದರು.

“ನೀ ಬಂದ್ರ ನಿನ್ನ ಚಿಂತಿ ಮಾಡೂದ ನನಗ ಕೆಲಸ ಆಕ್ಕೈತಿ,” ಎಂದರು ಅತ್ತೆ. “ನಿಮ್ಮಪ್ಪ ಒಬ್ಬರ ಹೋಗಿದ್ರು. ನಾನೂ ಒಬ್ಬಾಕಿನ ನೋಡಬೇಕು. ಮಗ್ಗಲದಾಗ ಕುಂತು ನೀ ಅಲ್ಲಿ ನೋಡು ಇಲ್ಲಿ ನೋಡು ಅಂದ್ರ, ಅದು ನೀ ನೋಡಿದ್ದಾತು.”

ಹೀಗೆ ಹಡಗಿನ ತಯಾರಿ ಸುರುವಾಯಿತು. ಇಂಗ್ಲಿಷ್ ಓದಬಲ್ಲವಳು ಮನೆಯಲ್ಲಿ ನಾನೊಬ್ಬಳೇ. ಕಾನ್ವೆಂಟಿನಲ್ಲಿ ನನ್ನ ಪಕ್ಕದ ಮಂಚದ ಗೆಳತಿಯೊಬ್ಬಳು ಕಾರವಾರದವಳು. ಅವಳಿಗೆ ಕಾಗದ ಬರೆದೆ. ಶ್ರಾವಣದ ಮೊದಲ ವಾರ ಹೊರಡುವುದೆಂದು ನಾವೇ ಗೊತ್ತುಮಾಡಿಕೊಂಡಿದ್ದೆವು. ಬಿತ್ತುವುದು ಮುಗಿದಿರುತ್ತದೆ, ಎಡೆ ಹೊಡೆದು ಕಳೆ ತೆಗೆಯುವುದೂ ಮುಗಿದಿರುತ್ತದೆ, ಕೈ ಖಾಲಿ. ನಮ್ಮ ಕಡೆ ಮಂದಿ ಊರಿಗೆ ಹೋಗುವುದೇ ಆವಾಗ. ಅತ್ತೆ ಅವಲಕ್ಕಿ ಕೂಡ ಕುಟ್ಟಿಸಿಟ್ಟಿದ್ದರು. ಗೆಳತಿಯ ಉತ್ತರ ಬಂತು. ಮಳೆಗಾಲವಿಡೀ ಸಮುದ್ರ ಮುಚ್ಚಿರುತ್ತದೆ, ಹಡಗು ಬರುವುದಿಲ್ಲ, ಇಷ್ಟೂ ಗೊತ್ತಿಲ್ಲವೇನೇ ನಿನಗೆ, ಎಂದು ಬರೆದಿದ್ದಳು. ಜೊತೆಗೆ ಹಡಗಿನ ವೇಳೆಯ ಒಂದು ಸಣ್ಣ ಪುಸ್ತಕ.

ಓದಿ ಹೇಳಿದೆ. ಅತ್ತೆ ಬೆರಗಾದರು. “ಸಮುದ್ರಕ್ಕೂ ಸೂಟಿ ಐತೇನ? ನಾವು ಖಾಲಿ ಇದ್ದಾಗ ಅದಕ್ಕ ಪುರಸೊತ್ತಿಲ್ಲ, ಅದು ಖಾಲಿ ಇದ್ದಾಗ ನಮಗ ಸುಗ್ಗಿ.” ಅವಲಕ್ಕಿಯನ್ನು ನಾವೇ ತಿಂದು ಮುಗಿಸಿದೆವು. ಸುಗ್ಗಿಯ ರಾಶಿ ಮನೆಗೆ ಬಂದು ಸಂಕ್ರಾಂತಿ ಆದಮೇಲೆ ಹೊರಡುವುದೆಂದಾಯಿತು.

ನಡುವೆ ಸಿಕ್ಕ ತಿಂಗಳುಗಳಲ್ಲಿ ಮಧ್ಯಾಹ್ನ ಮಧ್ಯಾಹ್ನ ನಾವಿಬ್ಬರೂ ಪಡಸಾಲೆಯಲ್ಲಿ ಕೂತು ಹಡಗಿನ ಪಾಠ ಮಾಡುತ್ತಿದ್ದೆವು. ನಾನು ಪಾಟಿಯ ಮೇಲೆ ದಂಡೆಯ ಗೆರೆ ಎಳೆದು ಕಾರವಾರ, ರತ್ನಾಗಿರಿ, ಮುಂಬೈ ಎಂದು ಚುಕ್ಕಿ ಇಡುವೆ. ನನ್ನ ಹಳೆಯ ಭೂಗೋಳದ ಪುಸ್ತಕ ತೆಗೆದು ನೀಲಿ ಬಣ್ಣದ ಸಮುದ್ರ ತೋರಿಸಿದೆ.

“ಈ ಬಣ್ಣ ನೀ ಹಚ್ಚಿದ್ದೇನ?”

“ಹೌದತ್ತಿ.”

“ಸಮುದ್ರ ನೋಡಿಯೇನ?”

“ಇಲ್ಲತ್ತಿ.”

“ಮತ್ತ ಹೆಂಗ ಹಚ್ಚಿದಿ?” ಎಂದು ಪುಟ ಮಗುಚಿ ಹಿಂದೆ ಬಣ್ಣ ಇಳಿದಿದೆಯೇ ನೋಡಿದರು.

ಅವರ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಉತ್ತರವಿರುತ್ತಿರಲಿಲ್ಲ. ನಡುವೆ ಕೈ ಮಾಡಿದರೆ ಮೋಟಾರಿನ ಹಾಗೆ ನಿಲ್ಲುತ್ತದೆಯೇ? ದಿನಾ ಲಿಂಗಪೂಜೆಗೆ ಸಿಹಿನೀರು ಎಲ್ಲಿಂದ? ಗೆಳತಿಗೆ ಮತ್ತೆ ಬರೆದೆ. ಹಡಗು ದಂಡೆಗೆ ಬರುವುದೇ ಇಲ್ಲ, ದೂರ ನಿಲ್ಲುತ್ತದೆ, ಪಡಾವಿನಲ್ಲಿ, ಅಂದರೆ ಸಣ್ಣ ದೋಣಿಯಲ್ಲಿ, ಹೋಗಿ ಏಣಿ ಹತ್ತಬೇಕು ಎಂದು ಅವಳು ಬರೆದದ್ದನ್ನು ನಾನು ಅಂಜುತ್ತಲೇ ಓದಿ ಹೇಳಿದೆ. ಅತ್ತೆ ಮಾತ್ರ ಅಟ್ಟದ ಏಣಿ ತೆಗೆಸಿ ಅಂಗಳದಲ್ಲಿ ಗೋಡೆಗೆ ಆನಿಸಿ, ಸೀರೆ ಎತ್ತಿ ಕಟ್ಟಿ, ದಿನಾ ಬೆಳಿಗ್ಗೆ ಹತ್ತಿಳಿದು ರೂಢಿ ಮಾಡಿದರು. ಪೂಜೆಗೆ ನಮ್ಮ ಬಾವಿಯ ನೀರನ್ನು ತಾಮ್ರದ ಗಿಂಡಿಯಲ್ಲಿ ತುಂಬಿ ಬಾಯಿ ಕಟ್ಟಿ ಒಯ್ಯುವುದೆಂದು ಅವರೇ ಠರಾಯಿಸಿದರು.

ಸುದ್ದಿ ಹಿರೇಕೆರೂರಿಗೆ ಮುಟ್ಟಿತು. ಅಲ್ಲಿ ಮಾವನವರ ತಮ್ಮ ಇದ್ದರು, ಮನೆಯಲ್ಲಿ ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಅಣ್ಣನ ನಂತರ ಮನೆತನಕ್ಕೆ ಅವರೇ ಹಿರಿಯರು. ಬಂಡಿ ಕಟ್ಟಿಸಿಕೊಂಡು ಬಂದರು, ಊಟಕ್ಕೆ ಕೂತರು, ಎರಡನೆಯ ರೊಟ್ಟಿಗೆ ಬಾಯಿ ತೆಗೆದರು.

“ವೈನಿ, ಮುಂಬೈಗೆ ಹೋಗ್ರಿ, ಬ್ಯಾಡನ್ನೂದಿಲ್ಲ. ನೀರ ಮ್ಯಾಲ ಬ್ಯಾಡ.”

“ಯಾಕ ತಮ್ಮಾ? ನಿಮ್ಮಣ್ಣ ಹೋಗಿದ್ರಲ್ಲ.”

“ಅಂವಾ ಹರೇದಾಂವ ಇದ್ದ. ನಿಮಗ ಅರವತ್ತರ ಹತ್ರ ಬಂತು. ನಡುನೀರಾಗ ಏನರ ಹೆಚ್ಚು ಕಮ್ಮಿ ಆತಂದ್ರ ಅಲ್ಲೆ ನೀರಿಗಿ ಬಿಡ್ತಾರಂತ. ಮಣ್ಣು ಕೊಡವರು ಯಾರು? ಅಣ್ಣನ ಮಗ್ಗಲದಾಗಿನ ಜಾಗಾ ಖಾಲಿ ಬಿಡೂದೇನ?”

ಅದು ಅಂಜಿಸಲು ಹೇಳಿದ ಮಾತಲ್ಲ. ಕೈಯಲ್ಲಿದ್ದ ತುತ್ತನ್ನು ಅವರು ತಿರುಗಿ ತಾಟಿಗೆ ಇಟ್ಟಿದ್ದರು. ಆಮೇಲೆ ನನ್ನ ಕಡೆ ನೋಡಿದರು. “ಇಂಗ್ಲಿಷ್ ಪುಸ್ತಕ ಓದಿ ದಾರಿ ತೋರ್ಸಾಕತ್ತೀಯಂತ ನೀನು. ಏನರ ಆದ್ರ ಮಂದಿ ನಿನ್ನ ಹೆಸರ ಹೇಳತಾರವಾ, ನಂದಲ್ಲ.”

ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಅವರು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಏನಾದರೂ ಆಗಿದ್ದರೆ, ಕಾನ್ವೆಂಟಿನಾಕೆ ಅತ್ತೆಯನ್ನು ನೀರಿಗೆ ಕಳಿಸಿದಳು ಎಂದು ಊರು ನನ್ನ ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಿತ್ತು.

ಮರುದಿನ ನಸುಕಿನಲ್ಲಿ ಅತ್ತೆ ಒಬ್ಬರೇ ಹೊಲಕ್ಕೆ ಹೋಗಿ ಬಂದರು. ಸೊಂಟಕ್ಕೆ ಒಂದು ಕರಿ ಅರಿವೆಯ ಸಣ್ಣ ಸಂಚಿ ಸಿಕ್ಕಿಸಿಕೊಂಡಿದ್ದರು. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಕಾಕಾನ ಮುಂದೆ ಅದನ್ನು ಬಿಚ್ಚಿ ತೋರಿಸಿದರು. ಒಳಗೆ ಮಣ್ಣು.

“ಬೇವಿನ ಗಿಡದ ಬುಡಕಿಂದು, ನಿಮ್ಮಣ್ಣನ ಮಗ್ಗಲದಾಗಿಂದ. ಮಣ್ಣು ನನ್ನ ಕೂಡನ ಬರತೈತಿ. ಏನರ ಆದ್ರ ಇದನ್ನ ನನ್ನ ಕೂಡ ಬಿಡ್ರಿ ಅಂತ ಹಡಗಿನವರಿಗೆ ಹೇಳಿಟ್ಟಿರತೇನಿ. ಇನ್ನೇನರ ಐತೇನ ತಮ್ಮಾ ನಿನ್ನ ಕಡೆ?”

ಕಾಕಾ ಸಂಚಿಯ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದರು. “ನಿಮಗ ನಮ್ಮಣ್ಣನ ಸರಿ ಇದ್ದ ವೈನಿ,” ಎಂದು ಉಳಿದ ಚಹಾ ಕುಡಿದರು. ಒಪ್ಪಿಗೆಯೆಂದರೆ ಅದೇ.

ಇನ್ನುಳಿದದ್ದು ಸುಖವಾಗಿದ್ದೇನೆಂದು ತಿಳಿಸುವುದು ಹೇಗೆ ಎನ್ನುವುದು. ಅತ್ತೆಗೆ ಬರೆಯಲು ಬಾರದು. ಪರರ ಕೈಲಿ ಬರೆಸಲು ಒಲ್ಲರು. ಬರೆಯುವವ ತನ್ನ ಮಾತು ಸೇರಿಸುತ್ತಾನೆ ಎನ್ನುವುದು ಅವರ ಅನುಮಾನ. ನಾನು ಒಂದು ಉಪಾಯ ಮಾಡಿದೆ. ಒಂದು ಟಪಾಲು ಕಾರ್ಡಿನ ಮೇಲೆ ನಮ್ಮ ಮನೆಯ ವಿಳಾಸ ನಾನೇ ಬರೆದೆ. ಹಡಗು ರತ್ನಾಗಿರಿಯಲ್ಲಿ ನಿಂತಾಗ ಇಳಿದು ಹೋಗುವ ಯಾರಾದರೂ ಹೆಂಗಸಿನ ಕೈಗೆ ಅದನ್ನು ಕೊಟ್ಟು ಟಪಾಲಿಗೆ ಹಾಕಲು ಹೇಳಬೇಕು. ಕೊಡುವ ಮುಂಚೆ ಕಾರ್ಡಿನ ಮೂಲೆಯಲ್ಲಿ ಕೆಂಪು ಎಳೆಯಿಂದ ಒಂದು ಸಾಲು ಹೊಲಿಗೆ ಹಾಕಬೇಕು. ಕೆಂಪು ಸಾಲು ಬಂದರೆ ಆರಾಮ ಎಂದರ್ಥ.

“ಆರಾಮ ಇಲ್ಲಂದ್ರ ಯಾವ ಬಣ್ಣ ಅತ್ತಿ?”

“ಹುಚ್ಚಿ. ಆರಾಮ ಇಲ್ಲದಾಕಿ ಸೂಜಿ ಹಿಡೀತಾಳೇನ?”

ಒಂದು ಹಳೆಯ ಕಾರ್ಡಿನ ಮೂಲೆಗೆ ಗವಂತಿಯ ಒಂದು ಸಾಲು ಹಾಕಿ ನೋಡಿದರು. ಕಾಗದಕ್ಕೆ ಎಳೆಗಳಿಲ್ಲದ್ದರಿಂದ ಉಗುರಿನಿಂದ ಅಳತೆ ಮಾಡಿದರು. ಒಂದು ಮೂಲೆಯನ್ನು ಅಡ್ಡಕ್ಕೆ ಕತ್ತರಿಸುವ ಹಾಗೆ ಸಾಲು ಚಂದ ಬಂತು. ಆ ಹಳೆಯ ಕಾರ್ಡನ್ನು ನಾನು ಭೂಗೋಳದ ಪುಸ್ತಕದಲ್ಲಿ ಇಟ್ಟುಕೊಂಡೆ.

ಸಂಕ್ರಾಂತಿ ಮುಗಿದ ನಾಕನೆಯ ದಿವಸ ನಮ್ಮ ಮನೆಯವರು ಅವರನ್ನು ಮೋಟಾರಿನಲ್ಲಿ ಕರೆದುಕೊಂಡು ಮುಂಡಗೋಡ, ಯಲ್ಲಾಪುರ ಹಾದು, ಘಟ್ಟ ಇಳಿದು ಕಾರವಾರಕ್ಕೆ ಹೋದರು. ಕಟಕರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒದ್ದೆ ಅರಿವೆಯಲ್ಲಿ ಸುತ್ತಿದ ಸವಣೂರಿನ ಎಲೆ, ಬಾಯಿ ಕಟ್ಟಿದ ಗಿಂಡಿ, ಕರಿ ಸಂಚಿ. ಕಾರ್ಡು ಮತ್ತು ಸೂಜಿ ದಾರ ಕುಬಸದೊಳಗೆ. ಹಡಗಿನ ಏಣಿಯನ್ನು ಅವ್ವ ಅಟ್ಟಕ್ಕೆ ಹತ್ತಿದ ಹಾಗೆ ಹತ್ತಿದಳು, ಪಡಾವಿನವರೇ ನೋಡುತ್ತ ನಿಂತರು, ಎಂದು ಮನೆಯವರು ತಿರುಗಿ ಬಂದು ಹೇಳಿದರು.

ಆಮೇಲೆ ಕಾಯುವುದು. ನನ್ನ ಕೈಯಲ್ಲಿ ಕೆಲಸ ನಿಲ್ಲುತ್ತಿರಲಿಲ್ಲ. ಎರಡು ಸಲ ಸಾರಿಗೆ ಉಪ್ಪು ಹಾಕಿದೆ. ಕಾಕಾ ಕೂಡ ಏನೋ ನೆಪ ಹೇಳಿ ಹಿರೇಕೆರೂರಿನಿಂದ ಬಂದು ನಮ್ಮಲ್ಲೇ ಉಳಿದಿದ್ದರು.

ಆರನೆಯ ದಿವಸ ಮಧ್ಯಾಹ್ನ ಟಪಾಲಿನವ ಬಂದ. ದಿನಾ ಅವನು ಹೊಸ್ತಿಲ ತನಕ ಬಂದು, “ಅಕ್ಕಾರ, ಟಪಾಲ್ರಿ,” ಎಂದು ಕೂಗುವವ. ಅಂದು ದಾರಿಯಲ್ಲೇ ನಿಂತ. ಕಾರ್ಡನ್ನು ಎರಡು ಬೆರಳ ತುದಿಯಲ್ಲಿ ಹಿಡಿದಿದ್ದ.

“ಗಂಡಸರು ಯಾರರ ಅದಾರೇನ್ರಿ?”

ನಾನು ಹೊಸ್ತಿಲಲ್ಲೇ ನಿಂತು ಕಾರ್ಡು ನೋಡಿದೆ. ನಮ್ಮ ಕಡೆ ಸಾವಿನ ಸುದ್ದಿ ಬರೆದ ಕಾರ್ಡಿನ ಒಂದು ಮೂಲೆ ಹರಿದು ಕಳಿಸುತ್ತಾರೆ. ಅಂಥ ಕಾರ್ಡನ್ನು ಮನೆಯೊಳಗೆ ತರುವುದಿಲ್ಲ. ಹೊರಗೇ ಓದಿ, ಅಲ್ಲೇ ಹರಿದು ಚೆಲ್ಲುತ್ತಾರೆ. ಆ ಕಾರ್ಡಿಗೆ ಒಂದು ಮೂಲೆ ಇರಲಿಲ್ಲ.

ಮನೆಯವರು ಹೊಲದಲ್ಲಿದ್ದರು. ಕಾಕಾ ಎದ್ದು ಹೋಗಿ ಇಸಿದುಕೊಂಡರು. ವಿಳಾಸ ನನ್ನ ಅಕ್ಷರ. ಬರೆಯುವ ಜಾಗದಲ್ಲಿ ಒಂದಕ್ಷರವೂ ಇಲ್ಲ. ಟಪಾಲಿನ ಸಿಕ್ಕೆಯನ್ನು ನಾನು ದೂರದಿಂದಲೇ ಓದಿದೆ, ರತ್ನಾಗಿರಿ.

“ನಡುನೀರಾಗ,” ಎಂದರು ಕಾಕಾ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಟ್ಟೆಯ ಮೇಲೆ ಕೂತು, ಟೊಪಿಗೆ ತೆಗೆದು ಮಗ್ಗುಲಿಗಿಟ್ಟರು. ಆಮೇಲೆ ಪದ್ಧತಿಯಂತೆ ಹರಿಯಲು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದರು.

“ಹರೀಬ್ಯಾಡ್ರಿ ಕಾಕಾರ.”

ಅವರೆದುರು ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಹೊಸ್ತಿಲು ದಾಟಿ ಹೋಗಿ ಅವರ ಕೈಯಿಂದ ಕಾರ್ಡು ತೆಗೆದುಕೊಂಡೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ, ತೆಗೆದುಕೊಂಡವಳೇ ಮಗುಚಿದೆ. ಹಿಂದೆ ನೋಡುವ ಚಟ ನನಗೂ ಹತ್ತಿತ್ತು. ಮಗುಚಿದಾಗ ಹರಿದ ಅಂಚು ಬಿಸಿಲಿಗೆ ಬಂತು.

ಕೈಯಿಂದ ಹರಿದ ಕಾಗದ ಎಳೆ ಎಳೆಯಾಗಿ, ಸೊಟ್ಟಂಬಟ್ಟ ಇರುತ್ತದೆ. ಇದು ಹಾಗಿರಲಿಲ್ಲ. ಅಂಚಿನುದ್ದಕ್ಕೂ ಸಣ್ಣ ಸಣ್ಣ ಅರ್ಧ ತೂತು, ಒಂದರಿಂದ ಒಂದಕ್ಕೆ ಒಂದೇ ಅಂತರ, ಟಪಾಲಿನ ಟಿಕೀಟಿನ ಅಂಚಿನ ಹಾಗೆ.

“ಇದು ಹರದದ್ದಲ್ರಿ. ಹೊಲಿಗಿ ತೂತು. ಅತ್ತಿ ಹೊಲದಾರ. ತೂತಿನಗುಂಟ ಕಿತಗೊಂಡ ಹೋಗೇತಿ.”

“ಇಲಿ ಕಡದಿರಬೇಕವಾ,” ಎಂದರು ಕಾಕಾ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ.

“ಇಲಿ ಎಣಿಸಿ ಕಡೀತೈತೇನ್ರಿ?”

ಓಡಿಹೋಗಿ ಭೂಗೋಳದ ಪುಸ್ತಕದಿಂದ ಹಳೆಯ ಕಾರ್ಡು ತಂದೆ. ಅವರ ಮುಂದೆಯೇ ಹೊಲಿದ ಮೂಲೆಯನ್ನು ನಾಕು ಸಲ ಆಕಡೆ ಈಕಡೆ ಬಾಗಿಸಿದೆ. ಐದನೆಯ ಸಲಕ್ಕೆ ಮೂಲೆ ಸಾಲಿನುದ್ದಕ್ಕೂ ಬಿಟ್ಟುಕೊಂಡು ನನ್ನ ಕೈಗೆ ಬಂತು. ಎರಡು ಕಾರ್ಡುಗಳನ್ನೂ ಅಂಚಿಗೆ ಅಂಚು ಹಿಡಿದು ತೋರಿಸಿದೆ. ಅವೇ ತೂತು, ಅದೇ ಅಂತರ. ಕಾಕಾ ಕಣ್ಣಿನ ಹತ್ತಿರ ತಂದು ಉಗುರಿನಿಂದ ಒಂದೊಂದಾಗಿ ಮುಟ್ಟಿದರು. ಒಂದು ತೂತಿನಲ್ಲಿ ಗುಲಗಂಜಿಯಷ್ಟೂ ಇಲ್ಲದ ಒಂದು ಚೂರು ಕೆಂಪು ಎಳೆ ಸಿಕ್ಕಿಕೊಂಡಿತ್ತು. ಅದನ್ನು ಮೊದಲು ಕಂಡವರು ಅವರೇ.

“ಕೆಂಪ,” ಎಂದರು. ಮತ್ತೆ, “ಕೆಂಪಂದ್ರ ಆರಾಮಲ್ಲ?”

“ಆರಾಮ್ರಿ.”

ಅವರು ಟೊಪಿಗೆ ಹಾಕಿಕೊಂಡರು. ದಾರಿಯಲ್ಲಿ ಇನ್ನೂ ನಿಂತಿದ್ದ ಟಪಾಲಿನವನ ಕಡೆ ತಿರುಗಿ, “ಬಾರೋ ಒಳಗ. ಅಲ್ಲೇನ ನಿಂತಿ ಸತ್ತವರ ಮನಿ ಮುಂದ ನಿಂತಂಗ?” ಎಂದರು. ಅವನು ಹೊಸ್ತಿಲು ದಾಟಿ ಬಂದ. ನಾನು ಒಳಗೆ ಹೋಗಿ ಚಹಾಕ್ಕಿಟ್ಟೆ. ಸಕ್ಕರೆ ಎಂದಿಗಿಂತ ಒಂದು ಹಿಡಿ ಹೆಚ್ಚೇ ಹಾಕಿದೆ. ಅದಾದ ಮೂರನೆಯ ದಿನ ನಾದಿನಿಯ ಕಾಗದ ಬಂತು. ಅವ್ವ ಮುಟ್ಟಿದ್ದಾಳೆ, ಬಂದ ದಿನವೇ ನಮ್ಮ ಮನೆಯ ಪರದೆಗಳನ್ನೆಲ್ಲ ಮಗುಚಿ ನೋಡಿ ನಕ್ಕಳು, ಎಂದು ಬರೆದಿದ್ದಳು.

ಒಂದೂವರೆ ತಿಂಗಳ ಮೇಲೆ ಅತ್ತೆ ರೈಲಿನಲ್ಲಿ ಬಂದು ಹಾವೇರಿಯಲ್ಲಿ ಇಳಿದರು. ಮನೆಗೆ ಬಂದವರು ಕಾಲು ತೊಳೆಯುವ ಮುಂಚೆ, “ಕಾರ್ಡ ಮುಟ್ಟಿತೇನ?” ಎಂದರು. ತೋರಿಸಿದೆ. ಮಗುಚಿ ನೋಡಿದರು.

“ಹಡಗ ಎಲ್ಲಿ?”

“ಯಾವ ಹಡಗತ್ತಿ?”

“ಒಂದ ಸಾಲು ಹಾಕಿ ಕಳಿಸಾಕ ನಾ ಏನ ಗೋಣಿಚೀಲ ಹೊಲಿಯಾಕಿಯೇನ? ಹಡಗಾ ಹೊಲದಿದ್ದೆ. ಅದರ ಬುಡಕ ನೀರು ಅಂತ ಎರಡು ಸಾಲು.” ಅಂಚಿನ ಮೇಲೆ ಬೆರಳಾಡಿಸಿದರು. “ಆ ನೀರಿನ ಕೆಳಗಿನ ಸಾಲಿನಗುಂಟನ ಕಿತ್ತೇತಿ ನೋಡು. ಮುಳುಗ್ತು ನನ್ನ ಹಡಗ.”

ನಡೆದದ್ದನ್ನೆಲ್ಲ ಹೇಳಿದೆ. ಅವರು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕಾಕಾ ಬಂದಾಗ, “ತಮ್ಮಾ, ಕುಣಿ ತೋಡಿಸಿದ್ಯೋ, ಬಿಟ್ಟಿದ್ಯೋ?” ಎಂದು ಕೇಳಿದರು.

“ಗುದ್ಲಿ ಕೈಗೆ ತಗೊಂಡಿದ್ದೆ ವೈನಿ. ನಿಮ್ಮ ಇಂಗ್ಲಿಷ್ ಸೊಸಿ ಕಸಗೊಂಡ್ಲು,” ಎಂದರು ಅವರು.

ಊರ ಹೆಂಗಸರೆಲ್ಲ ಬಂದು ಕೇಳಿದರು. ಅತ್ತೆ ಎಲ್ಲರಿಗೂ ಒಂದೇ ಮಾತು ಹೇಳಿದರು: “ಅವರು ಹೇಳಿದ್ದೆಲ್ಲ ಖರೆ. ನಾಕೂ ಕಡೆ ನೀರು. ಆಕಾಶಕ್ಕ ಹೊಲದಂಗ.” ನನಗೆ ಹಗುರವೆನಿಸಿತು. ಆದರೆ ಒಂದು ವಾರ ಕಳೆದು, ಇಬ್ಬರೇ ಕೂತು ಶೇಂಗಾ ಸುಲಿಯುವಾಗ, ಅವರೇ ಬಾಯಿ ಬಿಟ್ಟರು.

“ಒಂದ ಮಗ್ಗಲಕ ದಂಡಿ ಕಾಣತಿತ್ತವಾ. ಕಡೀತನಾ ಕಾಣತಿತ್ತು. ಗುಡ್ಡ, ತೆಂಗಿನ ಗಿಡ, ಎಲ್ಲಾ.”

ನಾನು ಸುಲಿಯುವುದನ್ನು ಬಿಟ್ಟೆ. “ಅಂದ್ರ ಮಾವಾರು…”

“ಸುಳ್ಳ ಹೇಳಿದ್ರು. ಮೊದಲನೇ ದಿನ ನೋಡಿ ನೋಡಿ ಸಿಟ್ಟ ಬಂತು. ಇಷ್ಟ ದೂರ ಬಂದು ಇದಕ್ಕೇನ ಅಂತ. ಮಗ್ಗಲದಾಗ ಒಬ್ಬಾಕಿ ಕೊಂಕಣದಾಕಿ ಕುಂತಿದ್ಲು, ಆಕಿಗೆ ನಮ್ಮ ಎಲಿ ಕೊಟ್ಟೆ. ಆಕಿ ದಂಡಿಗೆ ಬೆನ್ನ ಮಾಡಿ ಕುಂತಿದ್ಲು. ಯಾಕವಾ ಅಂದ್ರ, ದಂಡಿ ನೋಡಿದ್ರ ಹೊಟ್ಟಿ ತೊಳಸತೈತಿ, ನೀರ ನೋಡ್ರಿ ಅಂತ ಕೈಸನ್ನಿ ಮಾಡಿದ್ಲು. ನಾನೂ ಹೊಳ್ಳಿ ಕುಂತೆ.”

ಒಂದು ಕಾಯಿ ಒಡೆದು ಬೀಜ ಬಾಯಿಗೆ ಹಾಕಿಕೊಂಡರು.

“ಹೊಳ್ಳಿ ಕುಂತ ಮ್ಯಾಲ ಖರೇನ ಆತು. ನೀರ ಬಿಟ್ರ ಏನೂ ಇಲ್ಲ. ಅವರೂ ಹಂಗ ಕುಂತಿರಬೇಕು. ಹಿಂದ ಹೊಳ್ಳಿ ನೋಡೂ ಮನಶ್ಯಾನ ಅಲ್ಲ ಅವರು.”

“ಮತ್ತ ಗದ್ದಿಗಿ ಮುಂದ ಏನಂದ್ರಿ? ತಪ್ಪಾತು ಅಂದ್ರೋ, ಬೈದ್ರೋ?”

“ಎರಡೂ ಅಂದೆ,” ಎಂದರು. “ಯಾರ ಮುಂದೂ ಹೇಳಬ್ಯಾಡ.”

ಅವರಿರುವವರೆಗೂ ನಾನು ಹೇಳಲಿಲ್ಲ.

ಕೆಲವು ದಿನಗಳಲ್ಲಿ ಮುಳುಗಿದ ಹಡಗಿನ ಬದಲಿಗೆ ಇನ್ನೊಂದು ಹೊಲಿದರು, ಆ ಕರಿ ಸಂಚಿಯ ಮೇಲೆ. ಕೆಂಪು ಎಳೆಯ ಹಡಗು, ಮೇಲ್ಗಡೆ ಹೊಗೆಯ ಕೊಳವೆ, ಏಣಿಗೆ ಮೂರು ಮೆಟ್ಟಿಲು, ಕೆಳಗೆ ನೀರಿನ ಎರಡು ಸಾಲು. ಹಡಗಿನ ಮೇಲೆ ಒಂದೇ ಒಂದು ಸಣ್ಣ ಚೌಕ. “ಅದು ನಾನು,” ಎಂದರು. ಸಂಚಿಯಲ್ಲಿ ಮಣ್ಣು ಹಾಗೇ ಇತ್ತು. ಹೊಲಕ್ಕೆ ಚೆಲ್ಲಿ ಬರಲೇ ಎಂದರೆ, “ಇರಲಿ. ಸಮುದ್ರ ನೋಡಿ ಬಂದ ಮಣ್ಣು ಅದು,” ಎಂದು ಲಿಂಗಪೂಜೆಯ ಗೂಡಿನಲ್ಲಿ ಇಟ್ಟರು.

ಮುಂದೆ ಎರಡನೆಯ ಮಹಾಯುದ್ಧ ಬಂತು. ಸೀಮೆಎಣ್ಣೆಗೆ, ಅರಿವೆಗೆ ಎಲ್ಲದಕ್ಕೂ ತ್ರಾಸಾಯಿತು. ಕೆಂಪು ದಾರ ಸಿಗದ ದಿನಗಳಲ್ಲಿ ಅತ್ತೆ ಹಳೆಯ ಸೀರೆಯ ಸೆರಗಿನಿಂದ ಎಳೆ ಬಿಚ್ಚಿ ನನಗೆ ಕಸೂತಿ ಕಲಿಸಿದರು. ನಾನು ಹೊಲಿದ ಮೊದಲ ಗೋಪುರವನ್ನು ಮಗುಚಿ ನೋಡಿ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಪಾಸಾದ ಹಾಗೆ.

ಯುದ್ಧ ಮುಗಿದು ಎರಡು ಸುಗ್ಗಿ ಕಳೆದ ಮೇಲೆ, ನಾಕು ದಿನದ ಜ್ವರದಲ್ಲಿ ಅವರು ಹೋದರು. ಬೇಸಿಗೆ ಬೆಳಗಿನ ಹೊತ್ತು, ತಮ್ಮ ಮನೆಯಲ್ಲಿ, ತಮ್ಮ ಮಂಚದ ಮೇಲೆ, ನನ್ನ ಕೈ ಹಿಡಿದುಕೊಂಡು. ಅಳುವಿನ ನಡುವೆಯೂ ನನಗೆ ಒಂದು ನಿರುಂಬಳ ಇತ್ತು, ಅದನ್ನು ಮುಚ್ಚಿಟ್ಟು ಏನು ಮಾಡಲಿ. ರತ್ನಾಗಿರಿಯ ಸಿಕ್ಕೆ ಬಿದ್ದ ಆ ಕಾರ್ಡು ಅಂದು ಖರೆಯಾಗಿದ್ದರೆ ಎನ್ನುವ ಒಂದು ಮುಳ್ಳು ಇಷ್ಟು ವರ್ಷ ನನ್ನೊಳಗೆ ಎಲ್ಲೋ ಉಳಿದಿತ್ತು. ಅದು ಅಂದು ಬಿದ್ದುಹೋಯಿತು.

ಬೇವಿನ ಗಿಡದ ಬುಡಕ್ಕೆ, ಖಾಲಿ ಇಟ್ಟಿದ್ದ ಜಾಗದಲ್ಲಿ ಅವರನ್ನು ಕೂಡಿಸಿದರು. ಮುದುಕರಾಗಿ ಕೋಲು ಹಿಡಿದಿದ್ದ ಹಿರೇಕೆರೂರಿನ ಕಾಕಾ ನನ್ನನ್ನು ಕೂಗಿದರು. “ಎಲ್ಲಿ ಐತಿ ಅದು, ತಾರವಾ.” ಕರಿ ಸಂಚಿ ಬಿಚ್ಚಿ ಅವರ ಬೊಗಸೆಗೆ ಸುರಿದೆ. ಮೊದಲ ಮಣ್ಣು ಅದೇ ಬಿತ್ತು. “ವೈನಿ, ನಿಮ್ಮ ಮಣ್ಣು ನಿಮಗ ಮುಟ್ಟಿತ್ರಿ,” ಎಂದರು ಕಾಕಾ.

ಖಾಲಿ ಸಂಚಿ ನನ್ನ ಹತ್ತಿರ ಉಳಿಯಿತು. ಈಗಲೂ ಪೆಟ್ಟಿಗೆಯಲ್ಲಿದೆ. ಸಿಸ್ಟರುಗಳು ನನಗೆ ಮುಂದಿನ ಮಗ್ಗಲು ಚಂದ ಮಾಡುವುದನ್ನು ಕಲಿಸಿದರು, ಅದಕ್ಕೆ ಅವರ ಋಣ ಇದ್ದೇ ಇದೆ. ಮಗುಚಿ ನೋಡುವುದನ್ನು ಕಲಿಸಿದವರು ಇವರು. ಆಗಾಗ ಸಂಚಿ ತೆಗೆಯುತ್ತೇನೆ, ಒಳಮಗ್ಗಲನ್ನು ಹೊರಗೆ ಮಾಡುತ್ತೇನೆ. ಅಲ್ಲೂ ಅದೇ ಹಡಗು, ಅವೇ ಮೂರು ಮೆಟ್ಟಿಲು, ಅದೇ ಒಂದು ಚೌಕ, ಒಂದೂ ಗಂಟಿಲ್ಲ. ಇಷ್ಟೇ ವ್ಯತ್ಯಾಸ: ಹೊರಗಿನಿಂದ ನೋಡಿದರೆ ಹಡಗು ಹೋಗುತ್ತಿರುತ್ತದೆ, ಮಗುಚಿದರೆ ತಿರುಗಿ ಬರುತ್ತಿರುತ್ತದೆ.